ಬೂಟಮ್ಮನ ಬರಿಗೈ

ಬೂಟಮ್ಮನ ಮುತ್ತಜ್ಜಿ, ಹೊಳೆ ಉಕ್ಕಿದ ವರ್ಷ, ಗಬ್ಬದ ಹಸುವಿನ ಬಾಲ ಹಿಡಿದು ಆಚೆ ದಡ ಸೇರಿದ ಹೆಂಗಸು. ಬಾಲ ಬಿಟ್ಟಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಈ ಕಥೆಯೂ ಹುಟ್ಟುತ್ತಿರಲಿಲ್ಲ. ದಡ ಹತ್ತಿದವಳು ಮೊದಲು ಹಸುವಿನ ಮೈ ಒರೆಸಿ, ಆಮೇಲೆ ತನ್ನ ಬಟ್ಟೆ ಹಿಂಡಿಕೊಂಡಳಂತೆ. ಅವಳ ಮಗ, ಅಂದರೆ ಬೂಟಮ್ಮನ ಅಜ್ಜ, ಕಣ್ಣು ಮಂಜಾದ ಮೇಲೂ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮೂಗು ಅರಳಿಸಿ, ಯಾವ ಹಸು ಮೇವು ಬಿಟ್ಟಿದೆ, ಯಾವುದರ ಹೊಟ್ಟೆ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಅಪ್ಪನದು ಇನ್ನೊಂದು ಬಗೆ. ಸೋದರಳಿಯನ ಮದುವೆಗೆಂದು ಹೊಸ ಕೋಟು ಹೊಲಿಸಿಕೊಂಡು ಹೊರಟವನು, ಆಗಷ್ಟೇ ಹುಟ್ಟಿದ ಕರು ಚಳಿಗೆ ನಡುಗುವುದನ್ನು ಕಂಡು ಕೋಟನ್ನು ಬಿಚ್ಚಿ ಅದಕ್ಕೆ ಹೊದಿಸಿದ. ಬರೀ ಅಂಗಿಯಲ್ಲಿ ಮದುವೆಗೆ ಹೋಗಿ ಹಲ್ಲು ಕಟಕಟ ಅನ್ನಿಸುತ್ತ ಬೀಗರಿಗೆ ಕೈಮುಗಿದ. ಅವರು ಪಾಪ, ಇವನಿಗೆ ಜ್ವರ ಎಂದುಕೊಂಡು ಊಟ ಬೇಡ ಎಂದು ಹೇಳಿ ಬಿಸಿನೀರು ಕೊಟ್ಟು ಮಲಗಿಸಿದರು.

ತಾಯಿಯ ಸಾಹಸ ಇಷ್ಟು ದೊಡ್ಡದಲ್ಲ, ಆದರೆ ದಿನಬಳಕೆಗೆ ಬಂದದ್ದು ಅದೇ. ಹುಟ್ಟಿದ ಕರುವನ್ನು ಗೋಣಿತಾಟಿನಿಂದ ಒರೆಸುವುದು ಎಲ್ಲರ ಮನೆಯ ರೂಢಿ. ಅವಳು ಗೋಣಿಯನ್ನು ಹತ್ತಿರಕ್ಕೆ ಸೇರಿಸುತ್ತಿರಲಿಲ್ಲ. ಕರು ನೆಲಕ್ಕೆ ಬಿದ್ದ ಕೂಡಲೇ ಬರಿಯ ಅಂಗೈಯಲ್ಲಿ ಮೂತಿಯ ಲೋಳೆ ಸೀಟಿ, ಕಿವಿ, ಕುತ್ತಿಗೆ, ಪಕ್ಕೆಗಳನ್ನು ತಿಕ್ಕಿ ತಿಕ್ಕಿ ಬೆಚ್ಚಗೆ ಮಾಡಿ, ಆಮೇಲೆ ತಾಯಿಯ ಮುಂದೆ ಇಡುವಳು. ಮೊದಲ ಗಳಿಗೆಯಲ್ಲೇ ಮನುಷ್ಯರ ಕೈ ಮೈಗೆ ಹತ್ತಿದ ಕರು ದೊಡ್ಡದಾದ ಮೇಲೆ ಒದೆಯುವುದಿಲ್ಲ, ಹಾಯುವುದಿಲ್ಲ ಎಂಬುದು ಅವಳ ನಂಬಿಕೆ. ಅದು ನಿಜವೋ ಸುಳ್ಳೋ, ಅವಳ ಕೊಟ್ಟಿಗೆಯಲ್ಲಿ ಒದೆಯುವ ಹಸು ಇರಲಿಲ್ಲ. ಕರುವನ್ನು ಒಲ್ಲೆನೆಂದ ಹಸುವಂತೂ ಹುಟ್ಟೇ ಇರಲಿಲ್ಲ.

ಈ ಬರಿಗೈಯ ವಿದ್ಯೆಯನ್ನೂ ಒಂದು ಕಡಸನ್ನೂ ತವರಿನಿಂದ ಹಿಡಿದುಕೊಂಡು ಬೂಟಮ್ಮ ಗಂಡನ ಮನೆಗೆ ಬಂದಳು. ಆಗ ಅವಳಿಗೆ ಆ ಹೆಸರಿರಲಿಲ್ಲ. ಬಂದ ವರ್ಷವೇ ಕಡಸು ಈದಿತು. ಸೊಸೆ ಬರಿಗೈಯಲ್ಲಿ ಕರುವಿನ ಮೈ ತಿಕ್ಕುವುದನ್ನು ಕಂಡ ಅತ್ತೆ ಮೂಗು ಮುರಿದು, ನಿಮ್ಮ ಮನೆಯಲ್ಲಿ ಗೋಣಿಗೂ ಗತಿಯಿಲ್ಲವೇನೇ ಎಂದಳು. ಗೋಣಿ ಇದೆ ಅತ್ತೆ, ಅದರಲ್ಲಿ ಕಾಳು ತುಂಬಿಡುತ್ತೇವೆ ಎಂದಳು ಸೊಸೆ. ಪಕ್ಕದಲ್ಲಿ ನಿಂತಿದ್ದ ನಾದಿನಿ, ಇನ್ನೂ ಜಡೆಗೆ ರಿಬ್ಬನ್ ಕಟ್ಟುವ ವಯಸ್ಸಿನವಳು, ಕಿಸಕ್ಕನೆ ನಕ್ಕು ತಾಯಿಯಿಂದ ತಲೆಗೊಂದು ಮೊಟಕು ತಿಂದಳು. ಆ ನಗು ಅತ್ತಿಗೆ ನಾದಿನಿಯರಿಬ್ಬರನ್ನೂ ಗಂಟು ಹಾಕಿತು. ಗಂಟು ಇಂದಿಗೂ ಬಿಚ್ಚಿಲ್ಲ, ಎಳೆದಾಟ ಮಾತ್ರ ದಿನವೂ ಉಂಟು.

ಗಂಡ ಗಾರೆ ಕೆಲಸದವನು. ಪಾಯದ ಗುಂಡಿಗಳಲ್ಲಿ ನೀರು ನಿಲ್ಲುತ್ತದೆಂದು ಮೊಣಕಾಲುದ್ದದ ರಬ್ಬರ್ ಬೂಟು ತಂದ. ಹಾಕಿಕೊಂಡ ಮೊದಲ ದಿನವೇ, ಕಾಲು ಒಳಗೆ ಬೆವೆತು ಬೆಂದುಹೋಯಿತೆಂದು ಕಿತ್ತು ಮೂಲೆಗೆಸೆದ. ಎಸೆದದ್ದನ್ನು ಹೆಂಡತಿ ಎತ್ತಿಕೊಂಡಳು. ತುದಿಗೆ ಒಣಹುಲ್ಲು ತುರುಕಿ ಕೊಟ್ಟಿಗೆಗೆ ಹಾಕಿಕೊಂಡು ಹೋದಳು. ಸಗಣಿ ಗಂಜಲದ ನಡುವೆ ಕಾಲು ಬೆಚ್ಚಗಿದ್ದದ್ದು ಅವತ್ತೇ ಮೊದಲು. ಗಂಡ ತೀರಿಹೋದ ಮೇಲೂ ಬೂಟು ತೀರಲಿಲ್ಲ. ಹರಿದಲ್ಲೆಲ್ಲ ಪಂಕ್ಚರ್ ಅಂಗಡಿಯವನು ಸೈಕಲ್ ಟ್ಯೂಬಿನ ತೇಪೆ ಹಾಕಿಕೊಟ್ಟಿದ್ದಾನೆ. ಈಗ ಅದರಲ್ಲಿ ಬೂಟು ಎಷ್ಟು, ತೇಪೆ ಎಷ್ಟು ಎಂದು ಅವನಿಗೂ ಗೊತ್ತಿಲ್ಲ. ಬೀದಿಯ ತುದಿಯಿಂದ ಪಚಕ್ ಪಚಕ್ ಸದ್ದು ಕೇಳಿದರೆ ಸಾಕು, ಬೂಟಮ್ಮ ಬಂದಳೆಂದು ಬೆಕ್ಕುಗಳಿಗೂ ತಿಳಿಯುತ್ತದೆ.

ಮನೆಯ ಹಿಂಭಾಗದ ಕೊಟ್ಟಿಗೆ ಬೂಟಮ್ಮನ ರಾಜ್ಯ. ಮುಂಭಾಗದ ಕೋಣೆ ನಾದಿನಿಯ ರಾಜ್ಯ. ನಾದಿನಿ ಮದುವೆಯ ಗೋಜಿಗೆ ಹೋಗಲಿಲ್ಲ, ಹೊಲಿಗೆ ಕಲಿತು ಅಂಗಡಿ ಹಾಕಿದಳು. ಕಿಟಕಿಯ ಪಕ್ಕದಲ್ಲಿ ಮಿಷನ್, ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ಬಟ್ಟೆಗಳು, ಇಸ್ತ್ರಿಪೆಟ್ಟಿಗೆಗೆಂದು ಸದಾ ಉರಿಯುವ ಇದ್ದಿಲ ಒಲೆ. ಬಟ್ಟೆಗೆ ದನದ ವಾಸನೆ ಹತ್ತಿದರೆ ಗಿರಾಕಿ ಹೊಸ್ತಿಲು ತುಳಿಯುವುದಿಲ್ಲ ಎಂದು ಅವಳು ಕೊಟ್ಟಿಗೆಗೆ ಕಾಲಿಟ್ಟು ವರ್ಷಗಳೇ ಆಗಿದ್ದವು. ಅತ್ತಿಗೆಯೂ ಬೂಟು ಕಳಚಿ, ಕೈಕಾಲು ತೊಳೆದಲ್ಲದೆ ನಡುಮನೆಯಿಂದ ಮುಂದೆ ಬರುವಂತಿರಲಿಲ್ಲ. ಅಡುಗೆಮನೆ ಮಾತ್ರ ಇಬ್ಬರಿಗೂ ಸೇರಿದ ಗಡಿ. ಅಲ್ಲಿ ಜಗಳವೂ ಟೀಯೂ ಸಮಸಮ.

ಹೋದ ಚಳಿಗಾಲದಿಂದ ಬೂಟಮ್ಮನ ಕೈ ಕೈಕೊಡತೊಡಗಿತ್ತು. ಬೆರಳ ಗೆಣ್ಣುಗಳು ಊದಿ ಗೋಲಿಗಳಂತಾಗಿದ್ದವು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಒಂದು ದಿನ ಹಾಲಿನ ಕ್ಯಾನು ಕೈಯಿಂದ ಜಾರಿ ವ್ಯಾನಿನ ಚಕ್ರದ ಮುಂದೆಯೇ ಚೆಲ್ಲಿತು. ಹಿಡಿಕೆ ಸರಿಯಿಲ್ಲ ಎಂದಳು ಬೂಟಮ್ಮ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹಾಲಿನ ವ್ಯಾನಿನವನು ನಕ್ಕ. ಅವನು ತಮಾಷೆಗೆ ಆಡಿದ ಮಾತು, ಅವಳಿಗೆ ನಾಟಿತು.

ಯಾಕೆಂದರೆ ಅವಳು ಒಂದನ್ನು ಕಣ್ಣಾರೆ ಕಂಡಿದ್ದಳು. ಹಿಂದಿನ ಬೀದಿಯಲ್ಲಿ ಹಸು ಸಾಕುತ್ತಿದ್ದ ಮುದುಕನಿಗೆ ಮಂಡಿ ಹಿಡಿದುಕೊಂಡಿತು. ಪಾಪ ಎಂದು ತಮ್ಮನ ಮಕ್ಕಳು ನೆರವಿಗೆ ಬಂದರು. ಮೊದಲು ಬಕೆಟ್ ಹಿಡಿದುಕೊಂಡರು, ಆಮೇಲೆ ಹಸುವಿನ ಹಗ್ಗ ಹಿಡಿದುಕೊಂಡರು, ಕೊನೆಗೆ ನಿನಗೆ ಯಾಕೆ ಈ ಕಷ್ಟ ದೊಡ್ಡಪ್ಪ ಎಂದು ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟೇಬಿಟ್ಟರು. ಮುದುಕ ಖಾಲಿ ಕೊಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತ ಕುಳಿತ. ಯಾರೂ ಅವನಿಗೆ ಕೆಟ್ಟದ್ದು ಮಾಡಲಿಲ್ಲ, ಎಲ್ಲರೂ ಒಳ್ಳೆಯದನ್ನೇ ಮಾಡಿದರು. ಅಂಥ ಒಳ್ಳೆಯದು ತನ್ನ ಬಾಗಿಲಿಗೆ ಬರಬಾರದೆಂದು ಬೂಟಮ್ಮ ಕೈಯ ಸಂಗತಿಯನ್ನು ಯಾರಿಗೂ ಉಸುರಲಿಲ್ಲ. ಪೇಟೆಯಿಂದ ನೋವಿನ ಮುಲಾಮಿನ ಡಬ್ಬಿ ತಂದು ಕೊಟ್ಟಿಗೆಯಲ್ಲಿ, ತೌಡಿನ ಡ್ರಮ್ಮಿನ ಹಿಂದೆ ಬಚ್ಚಿಟ್ಟಳು. ಬೆಳಿಗ್ಗೆ ಕೊಟ್ಟಿಗೆಗೆ ಹೋದ ಕೂಡಲೇ ಬೆರಳಿಗೆ ಬಳಿದುಕೊಂಡು, ಬಿಸಿ ಏರಿ ಗೆಣ್ಣು ಸಡಿಲವಾದ ಮೇಲೆ ಕೆಲಸಕ್ಕೆ ಕೈ ಹಾಕುವಳು. ಕರ್ಪೂರದಂಥ ಘಾಟು ಅದಕ್ಕೆ. ಮೊದಮೊದಲು ಅವಳ ಕಣ್ಣಲ್ಲೇ ನೀರು ಬರುತ್ತಿತ್ತು. ಆಮೇಲಾಮೇಲೆ ಮೂಗಿಗೆ ಅದು ಇದೆಯೆಂದೇ ತಿಳಿಯದಾಯಿತು.

ಈ ಚಳಿಗಾಲಕ್ಕೆ ಕೊಟ್ಟಿಗೆಯಲ್ಲಿ ಗಬ್ಬದವು ಮೂರು. ಮೊದಲನೆಯದು ಹಳೇ ಹಸು. ಬೂಟಮ್ಮ ಹುಲ್ಲು ತರಲು ಹೋಗಿದ್ದಾಗ ತನ್ನ ಪಾಡಿಗೆ ತಾನು ಈದು, ಅವಳು ಬರುವಷ್ಟರಲ್ಲಿ ಕರುವನ್ನು ನೆಕ್ಕಿ ಒಣಗಿಸಿ ನಿಲ್ಲಿಸಿಕೊಂಡಿತ್ತು. ಇನ್ನೊಂದಕ್ಕೆ ಇನ್ನೂ ದಿನವಿತ್ತು. ನಡುವಿನದೇ ದೊರೆಸಾನಿ. ತವರಿನಿಂದ ಬಂದ ಆ ಮೊದಲ ಕಡಸಿನ ಸಂತಾನದ ಕೊನೆಯ ಕುಡಿ. ಹೆಸರಿಗೆ ತಕ್ಕ ಬಿಂಕ. ಒದ್ದೆ ಹುಲ್ಲು ಹಾಕಿದರೆ ಮುಖ ತಿರುಗಿಸುವುದು, ಬಕೆಟ್ ಬದಲಾದರೆ ನೀರು ಕುಡಿಯದಿರುವುದು. ಇದು ಚೊಚ್ಚಲು. ಚೊಚ್ಚಲ ಹಸುವಿಗೆ ತಾಯ್ತನ ಇನ್ನೂ ಗೊತ್ತಿರುವುದಿಲ್ಲ, ಅದನ್ನು ಮೂಗು ಕಲಿಸಬೇಕು.

ಆವತ್ತು ಬೆಳಿಗ್ಗೆ ಮಾಡಿನ ತಗಡಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ನೀರಿನ ತೊಟ್ಟಿಯ ಮೇಲೆ ಗಾಜಿನಂಥ ಪದರ. ಬೂಟಮ್ಮ ಎಂದಿನಂತೆ ಬೆರಳಿಗೆ ಮುಲಾಮು ಬಳಿದುಕೊಂಡು ತಿರುಗಿದರೆ ದೊರೆಸಾನಿ ಎದ್ದು ಕೂತು ಮಾಡುತ್ತಿದೆ, ಬಾಲ ಓರೆಯಾಗಿದೆ, ನೀರಿನ ಚೀಲ ಆಗಲೇ ಒಡೆದಿದೆ. ಅವಳು ಅದರ ಅಡಿಗೆ ಒಣಹುಲ್ಲು ಹರಡಿ ಕಾದಳು. ಬಿಸಿಲು ಕಿಂಡಿಯಲ್ಲಿ ಇಣುಕುವ ಹೊತ್ತಿಗೆ ಎರಡು ಗೊರಸು, ಅವುಗಳ ಮೇಲೆ ಮೂತಿ ಇಟ್ಟುಕೊಂಡ ತಲೆ, ಆಮೇಲೆ ಹೆಗಲು, ಅದರ ಹಿಂದೆಯೇ ಇಡೀ ಮೈ ಜಾರಿ ಹುಲ್ಲಿಗೆ ಬಿತ್ತು. ಎಳೆಯಬೇಕಾಗಲೂ ಇಲ್ಲ. ಹೆಣ್ಣುಗರು, ಹಣೆಯ ಮೇಲೆ ಹಿಟ್ಟು ಮೆತ್ತಿದಂಥ ಬಿಳಿ ಚುಕ್ಕೆ.

ಬೂಟಮ್ಮ ತಾಯಿಯ ಪಾಠದಂತೆ ಬರಿಗೈಯಲ್ಲಿ ಮೂತಿ ಸೀಟಿದಳು, ಕಿವಿಯಿಂದ ಬಾಲದವರೆಗೆ ತಿಕ್ಕಿದಳು. ಎತ್ತಿ ದೊರೆಸಾನಿಯ ಮುಂದೆ ಇಟ್ಟಳು. ನೋಡೇ, ನಿನ್ನ ಮಗಳು ಎಂದಳು.

ದೊರೆಸಾನಿ ಮೂಸಿತು. ಬುಸ್ಸೆಂದು ಉಸಿರು ಬಿಟ್ಟಿತು. ತಲೆ ಕೊಡವಿ, ಹಗ್ಗ ಬಿಗಿಯುವವರೆಗೆ ಹಿಂದೆ ಸರಿದು ನಿಂತಿತು.

ಚೊಚ್ಚಲ ಗಾಬರಿ ಎಂದುಕೊಂಡ ಬೂಟಮ್ಮ ಕರುವನ್ನು ಇನ್ನೂ ಹತ್ತಿರಕ್ಕೆ ಸರಿಸಿದಳು. ದೊರೆಸಾನಿ ಈ ಸಲ ಹಣೆ ತಗ್ಗಿಸಿ ಕರುವನ್ನು ಹುಲ್ಲಿನ ಆಚೆಗೆ ದೂಡಿತು. ಬೂಟಮ್ಮ ಅಂಗೈಯಲ್ಲಿ ಕರುವಿನ ಮೈಯನ್ನು ಮತ್ತಷ್ಟು ತಿಕ್ಕಿ, ಮತ್ತೊಮ್ಮೆ ಮುಂದಿಟ್ಟಳು. ಮತ್ತದೇ ಆಯಿತು, ಈ ಸಲ ಇನ್ನಷ್ಟು ಜೋರಾಗಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಲ್ಲಿ ಚಿನ್ನದಂಥ ಕರು ಹೆತ್ತವಳಿಗೇ ಬೇಡ. ಬೂಟಮ್ಮ ವ್ಯಾನಿನ ಹಾರನ್ನನ್ನು ಬೈದಳು, ಕಿಂಡಿಯ ಬಿಸಿಲನ್ನು ಬೈದಳು, ಮಾಡಿನ ಮೇಲೆ ಕೂಗುತ್ತಿದ್ದ ಕಾಗೆಯನ್ನು ಬೈದಳು. ನಾಲ್ಕು ತಲೆಮಾರಿನಲ್ಲಿ ಯಾರೂ ಕಾಣದ್ದನ್ನು ತನ್ನ ಕಣ್ಣು ಕಾಣುತ್ತಿದೆ ಎಂಬುದು ಅವಳಿಗೆ ನಂಬಲಾಗಲಿಲ್ಲ.

ಆದರೆ ಬೈಗುಳಕ್ಕೆ ಚಳಿ ಬಿಡುವುದಿಲ್ಲ. ಹಸು ನೆಕ್ಕದ ಕರುವಿನ ಮೈ ಒಣಗಿರಲಿಲ್ಲ, ಅದು ನಡುಗತೊಡಗಿತು. ಹೊಟ್ಟೆಗೆ ಗಿಣ್ಣುಹಾಲು, ಅದೇ ಈದ ಹಸುವಿನ ಮೊದಲ ಹಳದಿ ಹಾಲು, ಬೇಗ ಬೀಳದಿದ್ದರೆ ಕರು ಇಂಥ ಚಳಿಯಲ್ಲಿ ಸಂಜೆ ಕಾಣುವುದು ಕಷ್ಟ. ಹಳೇ ಹಸುವಿನ ಗಿಣ್ಣು ಮುಗಿದುಹೋಗಿತ್ತು. ಇರುವುದು ದೊರೆಸಾನಿಯ ಕೆಚ್ಚಲಲ್ಲಿ ಮಾತ್ರ. ಕರೆದು ಬಾಟಲಿಯಲ್ಲಾದರೂ ಕುಡಿಸೋಣವೆಂದು ಬೂಟಮ್ಮ ಕೂತಳು. ಅವಳ ಕೈ ಮೊಲೆಗೆ ತಾಗಿದ್ದೇ ತಡ, ದೊರೆಸಾನಿ ಒದ್ದಿತು, ಬಕೆಟ್ ಗೋಡೆಗೆ ಹೋಗಿ ಬಡಿಯಿತು. ಬರಿಗೈಯಲ್ಲಿ ತಿಕ್ಕಿ ಬೆಳೆಸಿದ ಹಸು ಒದ್ದಿತು.

ಅವಳು ದನದ ಡಾಕ್ಟರಿಗೆ ಫೋನು ಮಾಡಿದಳು. ಅವರು ದೂರದ ಹೊಲದ ಮನೆಯೊಂದರಲ್ಲಿ ಸಿಕ್ಕಿಕೊಂಡ ಕರುವನ್ನು ಎಳೆಯುತ್ತಿದ್ದರು, ಏದುಸಿರಲ್ಲೇ ಮಾತಾಡಿದರು. ಮಧ್ಯಾಹ್ನದ ಮೇಲೆ ಬರುವೆನೆಂದೂ, ಅಲ್ಲಿಯವರೆಗೆ ಕಾಯಬಾರದೆಂದೂ, ಹಿಂಗಾಲು ಕಟ್ಟಿಯಾದರೂ ಗಿಣ್ಣು ಕರೆದು ಕುಡಿಸಬೇಕೆಂದೂ ಹೇಳಿದರು. ಕಾಲು ಕಟ್ಟುವುದೆಂದರೆ ಬೂಟಮ್ಮನಿಗೆ ಮೈಯೆಲ್ಲ ಮುಳ್ಳು. ಆದರೂ ಹಗ್ಗ ತೆಗೆದುಕೊಂಡಳು. ಸುತ್ತಿದಳು. ಗಂಟು ಹಾಕಲು ಹೋದರೆ ಬೆರಳು ಮಡಚಲಿಲ್ಲ. ಹಗ್ಗದ ತುದಿ ಎರಡು ಸಲ ಜಾರಿ ನೆಲಕ್ಕೆ ಬಿತ್ತು. ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಕರುವಿಗೆ ಬಿಸಿ ತಾಗಿಸುವುದೊಂದೇ ಉಳಿದಿತ್ತು. ಅವಳು ಅದನ್ನು ಸಗಣಿ ಹೊರುವ ತಳ್ಳುಗಾಡಿಯಲ್ಲಿ ಹುಲ್ಲು ಹಾಕಿ ಮಲಗಿಸಿ, ಅಂಗಳ ದಾಟಿ, ಅಡುಗೆಮನೆ ದಾಟಿ, ಬೂಟುಗಾಲಲ್ಲೇ, ನಾದಿನಿಯ ಹೊಲಿಗೆಯ ಕೋಣೆಗೆ ನುಗ್ಗಿಸಿದಳು.

ನಾದಿನಿ ಯಾರದೋ ಮದುವೆಯ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು. ತಳ್ಳುಗಾಡಿಯನ್ನು ಕಂಡು ಮೊದಲು ಕೋಟನ್ನು ಎದೆಗವುಚಿಕೊಂಡಳು.

"ಅತ್ತಿಗೆ, ಈ ಕೋಟು ಗಿರಾಕೀದು. ನಿಮ್ಮಪ್ಪನ ಥರ ಎಳ್ಕೊಂಡು ಹೊದಿಸಿಬಿಟ್ಟೀಯ ಮತ್ತೆ."

ಬೂಟಮ್ಮ ಬಾಯಿಗೆ ಬಾಯಿ ಕೊಡಲಿಲ್ಲ. ಅದನ್ನು ನೋಡಿದ ಮೇಲೆ ನಾದಿನಿ ಕೋಟನ್ನು ಗೋಡೆಗೆ ತೂಗುಹಾಕಿ ಎದ್ದಳು. ಅತ್ತಿಗೆ ಉತ್ತರ ಕೊಡಲಿಲ್ಲವೆಂದರೆ ಮನೆಯಲ್ಲಿ ಏನೋ ದೊಡ್ಡದೇ ಆಗಿರಬೇಕು. ಇಬ್ಬರೂ ಸೇರಿ ಕರುವನ್ನು ಇದ್ದಿಲ ಒಲೆಯ ಪಕ್ಕಕ್ಕೆ ಇಳಿಸಿದರು. ಬೂಟಮ್ಮ ಆದದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ಕರುವಿನ ಪಕ್ಕೆ ತಿಕ್ಕುತ್ತಲೇ ಇದ್ದಳು. ಕೊಟ್ಟಿಗೆಯ ಚಳಿಯಲ್ಲಿ ಸುಮ್ಮನಿದ್ದ ವಾಸನೆಯೊಂದು ಒಲೆಯ ಕಾವಿಗೆ ಏಳತೊಡಗಿತು. ನಾದಿನಿ ಮೂಗು ಹಿಡಿದುಕೊಂಡು, ಕಿಟಕಿಯ ಬಾಗಿಲು ತೆರೆದಳು.

"ಅಲ್ಲ ಅತ್ತಿಗೆ, ಹುಟ್ಟಿದ ಕರುವಿಗೆ ಈಗಲೇ ಯಾಕೆ ಆ ದನದ ಔಷಧಿ ಬಳಿದೆ?"

"ಯಾವ ಔಷಧಿ? ನಾನೇನೂ ಬಳಿದಿಲ್ಲ."

"ದಿನಾ ನಿನ್ನ ಮೈಯಿಂದ ಹೊಡೆಯುತ್ತಲ್ಲ, ಅದೇ. ಕಣ್ಣಲ್ಲಿ ನೀರು ಬರಬೇಕು, ಅಂಥ ಘಾಟು. ಹಸುವಿನ ಕಾಲಿಗೋ ಕೊಂಬಿಗೋ ಹಚ್ತೀಯ ಅಂತ ನಾನು ಕೇಳಿರಲಿಲ್ಲ."

ಬೂಟಮ್ಮನ ಕೈ ಕರುವಿನ ಮೈ ಮೇಲೆ ಇದ್ದಲ್ಲೇ ನಿಂತಿತು. ಅಂಗೈಯನ್ನು ಮೂಗಿಗೆ ಹಿಡಿದು ಎಳೆದಳು. ಏನೂ ತಿಳಿಯಲಿಲ್ಲ. ಇನ್ನೊಂದು ಕೈ ಹಿಡಿದಳು. ಅದೂ ಅಷ್ಟೇ. ಕಣ್ಣು ಹೋದ ಮೇಲೂ ಮೂಗಿನಿಂದ ಕೊಟ್ಟಿಗೆ ಕಾದ ಅಜ್ಜನ ಮೊಮ್ಮಗಳಿಗೆ ತನ್ನ ಕೈಯ ವಾಸನೆ ತಿಳಿಯಲಿಲ್ಲ. ಆದರೆ ದೊರೆಸಾನಿಗೆ ತಿಳಿದಿತ್ತು. ತಾಯಿಯ ಹೊಟ್ಟೆಯ ವಾಸನೆಯನ್ನೆಲ್ಲ ಸೀಟಿ ಸೀಟಿ ತೆಗೆದು, ಅದರ ಮೇಲೆ ಮುಲಾಮು ತೀಡಿ, ನಿನ್ನ ಮಗಳು ನೋಡು ಎಂದರೆ ಯಾವ ತಾಯಿ ನಂಬಿಯಾಳು. ಒಲ್ಲೆನೆಂದಷ್ಟೂ ಮತ್ತಷ್ಟು ತಿಕ್ಕಿದ್ದಳಲ್ಲ. ಗೋಣಿತಾಟು ಹಿಡಿಯುವವರ ಮನೆಯಲ್ಲಿ ಈ ತಪ್ಪು ಆಗುತ್ತಲೇ ಇರಲಿಲ್ಲ.

ನಾದಿನಿ ಅವಳ ಕೈ ಎಳೆದು ಬೆಳಕಿಗೆ ಹಿಡಿದಳು. ಊದಿದ ಗೆಣ್ಣು, ಸೊಟ್ಟಗಾದ ಕಿರುಬೆರಳು, ಎಲ್ಲವನ್ನೂ ಬಟ್ಟೆಯ ಹೊಲಿಗೆ ನೋಡುವಂತೆ ನೋಡಿದಳು. ಅಯ್ಯೋ ಎನ್ನಲಿಲ್ಲ. ಅಂದಿದ್ದರೆ ಬೂಟಮ್ಮ ಎದ್ದುಹೋಗುತ್ತಿದ್ದಳು.

"ಈ ಕೈ ಇಟ್ಕೊಂಡು ಹೋದ ವಾರ ನನ್ನ ಹೊಲಿಗೆ ಸೊಟ್ಟ ಅಂದ್ಯಲ್ಲ" ಎಂದಳು ಅಷ್ಟೇ.

"ಸೊಟ್ಟ ಇದ್ದಿದ್ದಕ್ಕೆ ಅಂದೆ" ಎಂದು ಬೂಟಮ್ಮ ಕೈ ಬಿಡಿಸಿಕೊಂಡಳು. ಕರು ಕತ್ತು ಎತ್ತಲು ನೋಡಿ, ಆಗದೆ ಹುಲ್ಲಿಗೆ ಇಳಿಸಿತು.

"ನನ್ನ ಕೈ ಇದನ್ನ ಇನ್ನು ಮುಟ್ಟಬಾರದು ಮರಿ. ತೊಳೆದರೂ ಹೋಗೋ ಘಾಟಲ್ಲ ಇದು. ನಿನ್ನ ಕೈ ಬೇಕು."

ತಲೆ ನರೆತರೂ ನಾದಿನಿ ಅವಳಿಗೆ ಇಂದಿಗೂ ಮರಿಯೇ. ಮರಿ ಒಂದು ಸಲ ಗೋಡೆಯ ಮೇಲಿನ ಮದುವೆಯ ಕೋಟನ್ನೂ ಒಂದು ಸಲ ಲೋಳೆ ಮೆತ್ತಿದ ಕರುವನ್ನೂ ನೋಡಿ, ಬಳೆ ಮೇಲೆ ಸರಿಸಿ, ತೋಳು ಮಡಚಿದಳು.

ಅಲ್ಲಿಂದ ಮುಂದೆ ಬೂಟಮ್ಮ ಕೈಗಳನ್ನು ಕಂಕುಳಲ್ಲಿ ಬಂಧಿಸಿಟ್ಟು, ಬಾಯಿಂದಲೇ ಎಲ್ಲ ಕೆಲಸ ಮಾಡಿದಳು. ನಾದಿನಿ ಸೋಪು ತರಲು ಹೋದರೆ, ಅದರ ವಾಸನೆ ಇನ್ನೊಂದು ಫಜೀತಿ, ತೌಡು ತಾ ಎಂದಳು. ಬಿಸಿನೀರಿಗೆ ತೌಡು ಕಲಸಿ ಮೈಗೆ ಹಚ್ಚಿ ಉಜ್ಜಿ, ಬೆಚ್ಚಗಿನ ನೀರಲ್ಲಿ ತೊಳೆ ಎಂದಳು. ಒಂದು ಕಡೆ ತೊಳೆದದ್ದನ್ನು ಒರೆಸಿದ ಮೇಲೆಯೇ ಇನ್ನೊಂದು ಕಡೆಗೆ ಹೋಗು, ಇಡೀ ಮೈ ಒಮ್ಮೆಲೇ ನೆನೆದರೆ ಚಳಿ ಎಲುಬಿಗಿಳಿಯುತ್ತದೆ ಎಂದಳು. ಮೆಲ್ಲಗೆ ಒತ್ತಿದರೆ ಮೆಲ್ಲಗೆ ಎಂದಳು, ಜೋರಾಗಿ ತಿಕ್ಕಿದರೆ ಅದು ಇಸ್ತ್ರಿ ಬಟ್ಟೆಯಲ್ಲ ಎಂದಳು. ನಾದಿನಿ ತಾಳಿಕೊಳ್ಳುವಷ್ಟು ತಾಳಿಕೊಂಡಳು. ಕೊನೆಗೆ, ಬಾಯಿಗೂ ಮುಲಾಮು ಹಚ್ಚಿಕೋ ಅತ್ತಿಗೆ, ಸ್ವಲ್ಪ ಸಡಿಲವಾಗಲಿ ಎಂದಳು. ಹಲವು ಸಲ ಒಗೆದು ಮೆತ್ತಗಾದ ಹಳೆಯ ಬಟ್ಟೆಯ ತುಂಡುಗಳಲ್ಲಿ ಒರೆಸಿ, ಒಲೆಯ ಹತ್ತಿರ ಹೊರಳಿಸಿ ಹೊರಳಿಸಿ ಒಣಗಿಸಿದಳು. ಕೂದಲು ಎದ್ದು ನಿಂತು ಕರು ಕರುವಿನ ಹಾಗೆ ಕಂಡಿತು. ನಾದಿನಿ ಬಾಗಿ ಅದರ ಕತ್ತನ್ನು ಮೂಸಿ ನೋಡಿದಳು. ಈಗ ಬರೀ ತೌಡಿನ ವಾಸನೆ ಎಂದಳು.

ಅರ್ಧ ಕೆಲಸವಷ್ಟೇ ಆದದ್ದು. ತೌಡಿನ ವಾಸನೆಯ ಕರುವೂ ದೊರೆಸಾನಿಗೆ ಅನ್ಯರ ಮಗಳೇ. ತಾಯಿಯ ವಾಸನೆ ಮತ್ತೆ ಹತ್ತಬೇಕು. ದೊರೆಸಾನಿ ಈದ ಜಾಗದ ಹುಲ್ಲು ಇನ್ನೂ ಒದ್ದೆಯಾಗಿತ್ತು. ಅಷ್ಟರಲ್ಲಿ ಮಾಸೂ, ಕರುವಿನ ಹಿಂದೆ ಬೀಳುವ ಗರ್ಭದ ಚೀಲ, ಬಿದ್ದಿತ್ತು. ಆ ಹುಲ್ಲನ್ನು ಮಾಸಿನ ನೀರಲ್ಲಿ ಅದ್ದಿ ಕರುವಿನ ಬೆನ್ನಿಗೂ ಹಿಂಭಾಗಕ್ಕೂ ಸವರಬೇಕೆಂದು ಬೂಟಮ್ಮ ಕೊಟ್ಟಿಗೆಯ ಬಾಗಿಲಾಚೆ ನಿಂತು ಹೇಳಿದಳು. ವರ್ಷಗಳ ಮೇಲೆ ಕೊಟ್ಟಿಗೆಗೆ ಕಾಲಿಟ್ಟ ನಾದಿನಿ, ಮದುವೆಯ ಬಟ್ಟೆಗಳಲ್ಲಿ ಒಂದು ನೂಲು ಎದ್ದರೆ ಸಹಿಸದವಳು, ಆ ಕೆಂಪು ಮುದ್ದೆಯನ್ನು ನೋಡಿ ಕಣ್ಣು ಮುಚ್ಚಿಕೊಂಡಳು.

"ಸಂಜೆ ಗಿರಾಕಿ ಬಂದು ಇದೇನಮ್ಮ ವಾಸನೆ ಅಂದ್ರೆ ನಿನ್ನ ಹೆಸರೇ ಹೇಳ್ತೀನಿ" ಎಂದು ಕಣ್ಣು ಮುಚ್ಚಿಕೊಂಡೇ ಕೈ ಹಾಕಿದಳು.

ಸವರಿ ಆಯಿತು. ಬೆನ್ನಿನ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿದಳು, ನಾಲಿಗೆಗೆ ಆಸೆ ಹುಟ್ಟಲಿ ಎಂದು. ಕರುವನ್ನು ದೊರೆಸಾನಿಯ ಮುಂದೆ ಇಟ್ಟು, ಬೂಟಮ್ಮ ಹೇಳಿದಂತೆ ಗೋಡೆಗೆ ಆತು ಉಸಿರು ಬಿಗಿಹಿಡಿದು ನಿಂತಳು. ಬೂಟಮ್ಮ ಬಾಗಿಲ ಸಂದಿಯಲ್ಲಿ ಒಂದು ಕಣ್ಣಿಟ್ಟಳು. ತನ್ನ ಕೊಟ್ಟಿಗೆಯನ್ನು ತಾನೇ ಕಳ್ಳಿಯಂತೆ ಹೊರಗಿನಿಂದ ನೋಡುವ ಕಾಲ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ದೊರೆಸಾನಿ ಮೊದಲು ಗೋಡೆಯ ಕಡೆ ನೋಡಿತು. ಗೊಂತಿನ ಹುಲ್ಲು ನೋಡಿತು. ಆಮೇಲೆ ಏನೋ ಮರೆತದ್ದು ನೆನಪಾದಂತೆ ಕತ್ತು ಚಾಚಿತು. ಮೂಸಿತು. ಬುಸ್ಸೆನ್ನಲಿಲ್ಲ. ಮತ್ತೆ ಮೂಸಿತು, ಈ ಸಲ ತಲೆಯಿಂದ ಬಾಲದವರೆಗೆ, ಸಾವಕಾಶವಾಗಿ. ನಾಲಿಗೆಯ ತುದಿಯನ್ನು ಬೆನ್ನಿಗೆ ತಾಗಿಸಿ ಹಿಂದಕ್ಕೆಳೆದುಕೊಂಡಿತು. ಆಮೇಲೆ ನಾಲಿಗೆ ಪೂರ್ತಿ ಹೊರಬಂತು, ಕರು ಒಂದು ಮಗ್ಗುಲಿಗೆ ಉರುಳಿಬೀಳುವಷ್ಟು ಜೋರಾಗಿ ಒಂದು ನೆಕ್ಕು. ಅದರ ಹಿಂದೆಯೇ ಇನ್ನೊಂದು. ಗಂಟಲೊಳಗಿಂದ ಸಣ್ಣಗೆ ಒಂದು ದನಿ ಎದ್ದಿತು. ಹಸು ಕರುವಿಗಲ್ಲದೆ ಬೇರೆ ಯಾರಿಗೂ ಮಾಡದ ದನಿ. ಅದನ್ನು ಕೇಳಿದ್ದೇ ಬೂಟಮ್ಮ ಬಾಗಿಲ ಚೌಕಟ್ಟಿಗೆ ತಲೆಯಾನಿಸಿದಳು. ಅಲ್ಲೇ ಹೊಸ್ತಿಲ ಮೇಲೆ ಬೂಟು ಚಾಚಿ ಕುಳಿತುಬಿಟ್ಟಳು.

ಕರು ಎದ್ದಿತು, ಬಿತ್ತು, ಮತ್ತೆ ಎದ್ದಿತು. ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ. ಮೊದಲು ಮುಂಗಾಲ ಸಂದಿಯಲ್ಲಿ ಹಾಲು ಹುಡುಕಿತು, ಗೋಡೆಯಲ್ಲಿ ಹುಡುಕಿತು, ನಾದಿನಿಯ ಮೊಣಕಾಲಲ್ಲೂ ಹುಡುಕಿತು. ನಾದಿನಿ ಹೊರಗಿನಿಂದ ಬಂದ ಮಾತಿನಂತೆ ಅದರ ಬಾಯಿಗೆ ಮೊಲೆ ಕೊಟ್ಟಳು. ದೊರೆಸಾನಿ ಕಾಲೆತ್ತಿತು, ಯೋಚಿಸಿತು, ಇಳಿಸಿತು. ಚೀಪುವ ಸದ್ದು ಕೊಟ್ಟಿಗೆಯಲ್ಲೆಲ್ಲ ಕೇಳಿಸಿತು. ಬಾಲ ಪಟಪಟ ಅಲ್ಲಾಡತೊಡಗಿತು. ನಾದಿನಿ ಮಾಸಿನ ಕೈಯಲ್ಲೇ ಮುಖದ ಬೆವರು ಒರೆಸಿಕೊಂಡು, ಒರೆಸಿಕೊಂಡ ಮೇಲೆ ಅದು ಎಂಥ ಕೈ ಎಂದು ನೆನಪಾಗಿ, ಬೂಟಮ್ಮನ ಕಡೆ ತಿರುಗಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ರಿಬ್ಬನ್ ಕಟ್ಟಿದ್ದ ಹುಡುಗಿ ಅವತ್ತು ನಕ್ಕಳಲ್ಲ, ಅದೇ ನಗು. ಮೊಟಕಲು ಅತ್ತೆ ಇರಲಿಲ್ಲ, ಆದ್ದರಿಂದ ಹೊಟ್ಟೆ ಹಿಡಿದುಕೊಳ್ಳುವಷ್ಟು ನಕ್ಕರು.

ಮಧ್ಯಾಹ್ನದ ಮೇಲೆ ದನದ ಡಾಕ್ಟರು ಮೋಟಾರ್ ಸೈಕಲ್ಲಿನಲ್ಲಿ ಬರುವಷ್ಟರಲ್ಲಿ ಕರು ಹೊಟ್ಟೆ ಗುಂಡಗೆ ಮಾಡಿಕೊಂಡು ತಾಯಿಯ ಮಗ್ಗುಲಲ್ಲಿ ನಿದ್ದೆ ಹೋಗಿತ್ತು. ಅವರು ಕರುವಿನ ಬಾಯೊಳಗೆ ಬೆರಳಿಟ್ಟು ಬಿಸಿ ನೋಡಿ, ಹೊಕ್ಕುಳಿಗೆ ಔಷಧಿ ಹಚ್ಚಿ, ಏನಾಗಿತ್ತು ಎಂದು ಕೇಳಿದರು. ನಾದಿನಿ ಬಾಯಿ ತೆರೆಯುವ ಮೊದಲೇ ಬೂಟಮ್ಮ ತಾನೇ ಹೇಳಿದಳು, ಮುಲಾಮಿನ ಡಬ್ಬಿಯನ್ನೂ ತಂದು ತೋರಿಸಿದಳು. ಡಾಕ್ಟರು ಮುಚ್ಚಳ ತೆಗೆದು ಮೂಸಿ ಕೆಮ್ಮಿದರು. ದೊರೆಸಾನಿ ಒದ್ದದ್ದೇ ಸರಿ, ನಾನಾಗಿದ್ದರೆ ಹಗ್ಗ ಕಿತ್ತು ಓಡುತ್ತಿದ್ದೆ ಎಂದರು. ಆಮೇಲೆ ಅವಳ ಕೈ ನೋಡಿ, ಮನುಷ್ಯರ ಡಾಕ್ಟರ ಹತ್ತಿರ ಹೋಗಬೇಕೆಂದು ಗಟ್ಟಿಯಾಗಿ ಹೇಳಿಯೇ ಹೊರಟರು. ಅವಳು ಹೋದಳು ಕೂಡ. ಮಾತ್ರೆ ಕೊಟ್ಟರು. ಮುಲಾಮನ್ನು ಇನ್ನು ಮಲಗುವ ಮುಂಚೆ ಮಾತ್ರ ಹಚ್ಚುವುದು, ಬೆಳಿಗ್ಗೆ ತೌಡಿನಲ್ಲಿ ಕೈ ತಿಕ್ಕಿ, ನಾದಿನಿಗೆ ಮೂಸಲು ಕೊಟ್ಟು, ಅವಳು ಹೂಂ ಅಂದ ಮೇಲೆ ಕೊಟ್ಟಿಗೆಗೆ ಹೋಗುವುದು ಎಂದಾಯಿತು. ಎರಡನೇ ದಿನ ತೌಡಿನ ಡ್ರಮ್ಮಿನ ಹಿಂದೆ, ಡಬ್ಬಿ ಬಚ್ಚಿಡುತ್ತಿದ್ದ ಜಾಗದಲ್ಲಿ, ಉಣ್ಣೆಬಟ್ಟೆಯ ತುಂಡುಗಳಲ್ಲಿ ಹೊಲಿದ ಒಂದು ಜೊತೆ ಕೈಗವಸು ಇತ್ತು. ರಾತ್ರಿ ಮುಲಾಮು ಹಚ್ಚಿದ ಮೇಲೆ ಹಾಕಿಕೊಳ್ಳಲು. ಯಾರು ಇಟ್ಟರೆಂದು ಬೂಟಮ್ಮ ಕೇಳಲಿಲ್ಲ. ಹೊಲಿಗೆ ಸ್ವಲ್ಪ ಸೊಟ್ಟ ಇದೆ ಎಂದು ಮಾತ್ರ ಟೀ ಕುಡಿಯುವಾಗ ಹೇಳಿದಳು.

ಆದರೆ ಕರು ಹುಟ್ಟಿದ ದಿನವೇ ಸಂಜೆ, ದನದ ಡಾಕ್ಟರು ಹೋದ ಮೇಲೆ, ಇನ್ನೊಂದು ಮಾತು ಉಳಿದಿತ್ತು. ಬೂಟಮ್ಮ ಹಸುಗಳಿಗೆ ಕುಡಿಯಲು ಬಿಸಿನೀರಿನ ಬಕೆಟ್ ಎತ್ತಿಕೊಂಡು ಅಂಗಳಕ್ಕಿಳಿದಳು. ನಾದಿನಿ ಹಿಂದೆಯೇ ಬಂದಳು. ತಾನು ನಾಳೆಯಿಂದ ಬೆಳಿಗ್ಗೆ ಮಿಷನ್ ಮೇಲೆ ಕೂರುವ ಮೊದಲು ಕೊಟ್ಟಿಗೆಗೆ ಬರುವೆನೆಂದೂ, ಇನ್ನೊಂದು ಹಸು ಈಯುವವರೆಗಾದರೂ ನೀರು ಮೇವು ತಾನೇ ನೋಡಿಕೊಳ್ಳುವೆನೆಂದೂ, ತನಗೆ ಈಗ ವಾಸನೆ ಅಭ್ಯಾಸವಾಗಿದೆಯೆಂದೂ ಹೇಳಿ ಬಕೆಟ್ಟಿನ ಹಿಡಿಕೆಗೆ ಕೈ ಹಾಕಿದಳು. ಮಾತಿನಲ್ಲಿ ಕೊಂಕಿರಲಿಲ್ಲ. ಹಿಂದಿನ ಬೀದಿಯ ಮುದುಕನ ಮನೆಯಲ್ಲೂ ಮೊದಲು ಹಿಡಿದದ್ದು ಬಕೆಟ್ಟೇ. ಬೂಟಮ್ಮ ನಿಂತಳು. ನಾದಿನಿಯ ಕೈಯನ್ನು ನೋಡಿದಳು. ಅದರ ಉಗುರ ಸಂದಿಯಲ್ಲಿ ಬೆಳಗಿನ ಕೆಂಪು ಇನ್ನೂ ಹೋಗಿರಲಿಲ್ಲ. ಹಿಡಿಕೆಯನ್ನು ಬೆರಳಿನಿಂದ ಬಿಟ್ಟು ಮೊಣಕೈ ಮಡಿಕೆಗೆ ಏರಿಸಿಕೊಂಡಳು, ಅಲ್ಲಿ ನೋವಿರಲಿಲ್ಲ.

"ಬಕೆಟ್ ಬಿಡು ಮರಿ. ಬೆಳಿಗ್ಗೆ ಕೈ ಬೇಕಾಗಿದ್ದು ಕರುವಿಗೆ, ಅದಕ್ಕೆ ಬಾಯಿಬಿಟ್ಟು ಕೇಳಿದೆ. ಮತ್ತೆ ಕರುವಿಗೆ ಬೇಕಾದರೆ ಮತ್ತೆ ಕೇಳ್ತೀನಿ, ಮಧ್ಯ ಹೊಲಿಗೇಲಿದ್ರೂ ಎಬ್ಬಿಸ್ತೀನಿ, ಬರಬೇಕು. ಈಗ ಬೇಕಾಗಿರೋದು ನನಗೆ. ನನಗೆ ಬೇಡ. ಬಿಡು ಅಂದೆನಲ್ಲ, ನೀರು ತಣ್ಣಗಾಗ್ತಿದೆ."